ಕಾರು ಮಾರಾಟ ತೆರಿಗೆಯ ಸ್ಥಳೀಯ ಹಂಚಿಕೆ: ಕ್ಯಾಲಿಫೋರ್ನಿಯಾ

ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರಿನ ಮೇಲೆ ತೆರುವ ಮಾರಾಟ ತೆರಿಗೆಯ ಸ್ಥಳೀಯ ಪಾಲು ಎರಡು ನಿಯಮಗಳಂತೆ ಹಂಚಿಕೆಯಾಗುತ್ತದೆ. ಒಂದು ಭಾಗ ಡೀಲರ್ ಇರುವ ಊರಿಗೆ, ಇನ್ನೊಂದು ಕಾರು ನೋಂದಣಿಯಾಗುವ ಊರಿಗೆ. ರಾಜ್ಯದಾದ್ಯಂತ ಮೂಲ ದರ ಶೇ. 7.25. ಅದರಲ್ಲಿ ಶೇ. 1 ಮುಖ್ಯವಾಗಿ ನಗರಕ್ಕೆ (ನಗರಾಡಳಿತವಿಲ್ಲದ ಪ್ರದೇಶವಾದರೆ ಕೌಂಟಿಗೆ), ಶೇ. 0.25 ಕೌಂಟಿಯ ಸಾರಿಗೆ ನಿಧಿಗೆ ಸಲ್ಲುತ್ತದೆ. ಇದರ ಮೇಲೆ ಮತದಾರರು ಒಪ್ಪಿದ ವಲಯ ತೆರಿಗೆ ಹಲವೆಡೆ ಸೇರುತ್ತದೆ.

ಈ ವ್ಯವಸ್ಥೆಯ ಬುನಾದಿ 1955ರ ಬ್ರಾಡ್ಲಿ-ಬರ್ನ್ಸ್ ಕಾಯ್ದೆ. ಅದಕ್ಕೆ ಮುನ್ನ ನಗರಗಳು ತಮಗೆ ತೋಚಿದ ದರದಲ್ಲಿ ತೆರಿಗೆ ಹಾಕುತ್ತಿದ್ದವು. ಕಾಯ್ದೆಯು ದರವನ್ನು ಏಕರೂಪಗೊಳಿಸಿ, ವಸೂಲಿಯನ್ನು ರಾಜ್ಯಕ್ಕೆ ಒಪ್ಪಿಸಿ, ಹಣವನ್ನು ಮಾರಾಟಗಾರನ ವ್ಯಾಪಾರಸ್ಥಳಕ್ಕೆ ಮರಳಿಸುವ ಕ್ರಮ ತಂದಿತು. ದಿನಸಿ ಅಂಗಡಿಗೆ ಇದು ಸರಿಹೊಂದುತ್ತಿತ್ತು. ಗಿರಾಕಿಗಳು ಸಾಮಾನ್ಯವಾಗಿ ಅದೇ ಊರಿನವರು. ಕಾರಿನ ವಿಷಯ ಹಾಗಲ್ಲ. ಅದನ್ನು ಕೊಳ್ಳಲು ಜನ ದೂರದ ಊರಿಗೂ ಹೋಗುತ್ತಾರೆ, ಒಂದೊಂದು ಮಾರಾಟದ ತೆರಿಗೆಯೂ ದೊಡ್ಡದು. 1978ರ 13ನೇ ಪ್ರಸ್ತಾವನೆ ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿದ ಮೇಲೆ ಈ ಶೇ. 1ರ ಮಾರಾಟ ತೆರಿಗೆಗೆ ಬೆಲೆ ಬಂತು. ನಗರಗಳು ಹೆದ್ದಾರಿ ಬದಿಯಲ್ಲಿ ಆಟೊ ಮಾಲ್‌ಗಳಿಗೆ ಜಾಗ ಕಾದಿರಿಸಿದವು. ಲಾಸ್ ಏಂಜಲೀಸ್ ಕೌಂಟಿಯ ಸೆರಿಟೋಸ್ ಪ್ರಸಿದ್ಧ ಉದಾಹರಣೆ. ಡೀಲರ್‌ಗಳನ್ನು ಸೆಳೆಯಲು ತೆರಿಗೆಯ ಒಂದು ಪಾಲನ್ನು ಹಿಂದಿರುಗಿಸುವ ಒಪ್ಪಂದಗಳೂ ನಡೆದವು. ಮನೆಗಳಿಗಿಂತ ಶೋರೂಮ್‌ಗಳಿಗೆ ಭೂಮಿ ಮೀಸಲಾಗಿಡುವ ಒಲವು ಬೆಳೆದದ್ದೇ ಈ ಹಂಚಿಕೆಯ ಅತಿ ಗಂಭೀರ ಪರಿಣಾಮ ಎನ್ನಬಹುದು. ಒಂದೇ ಮಾರುಕಟ್ಟೆ ಪ್ರದೇಶದೊಳಗೆ ನೆರೆಯೂರಿನ ಡೀಲರ್‌ನನ್ನು ಹಣಕೊಟ್ಟು ಕರೆತರುವುದನ್ನು ಸರ್ಕಾರಿ ಸಂಹಿತೆಯ 53084ನೇ ಕಲಮು ನಿಷೇಧಿಸುತ್ತದೆ.

ವಲಯ ತೆರಿಗೆಗೆ 1969ರ ಪ್ರತ್ಯೇಕ ಕಾನೂನಿದೆ. ವಾಹನಗಳ ಮಟ್ಟಿಗೆ ಅದು ನೋಂದಣಿ ವಿಳಾಸವನ್ನು ಅನುಸರಿಸುತ್ತದೆ. ಇಲ್ಲದಿದ್ದರೆ ಕಡಿಮೆ ದರದ ಊರಿನ ಡೀಲರ್ ಬಳಿಗೆ ಹೋಗಿ ಕೊಂಡು ಆ ತೆರಿಗೆಯನ್ನು ತಪ್ಪಿಸಿಕೊಳ್ಳುವುದು ಸುಲಭವಾಗುತ್ತಿತ್ತು. 40,000 ಡಾಲರ್‌ನ ಕಾರನ್ನು ಶೇ. 1ರ ವಲಯ ತೆರಿಗೆಯಿರುವ ಊರಿನವರು ಬೇರೆ ಊರಿನಲ್ಲಿ ಕೊಂಡರೆ, ಮೂಲ ದರದ ಶೇ. 1ರ ಪಾಲಾದ 400 ಡಾಲರ್ ಡೀಲರ್ ಇರುವ ಕಡೆಗೂ, ವಲಯ ತೆರಿಗೆಯ 400 ಡಾಲರ್ ಕೊಂಡವರ ಕಡೆಗೂ ಹೋಗುತ್ತದೆ.

ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟದಲ್ಲಿ ಕೊಂಡವರು ನೋಂದಣಿ ಸಮಯದಲ್ಲಿ ಮೋಟಾರು ವಾಹನ ಇಲಾಖೆಗೆ ಬಳಕೆ ತೆರಿಗೆ ಕಟ್ಟುತ್ತಾರೆ. ಅದರ ಶೇ. 1ರ ಪಾಲು ಕೌಂಟಿಯ ಸಾಮೂಹಿಕ ನಿಧಿಗೆ ಸೇರಿ, ಅಲ್ಲಿನ ನಗರಗಳ ನಡುವೆ ಅವುಗಳ ಮಾರಾಟ ತೆರಿಗೆ ಗಳಿಕೆಯ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ; ಹಾಗಾಗಿ ಶೋರೂಮ್‌ಗಳಿರುವ ನಗರಕ್ಕೆ ಇಲ್ಲೂ ಹೆಚ್ಚಿನ ಪಾಲು ಸಿಗುತ್ತದೆ.