ಪಂಕ್ತಿಯಿಂದ ಮೇಜಿಗೆ

ಹಸಿವು ಮನುಷ್ಯನಷ್ಟು ಹಳೆಯದು. ಹೋಟೆಲಾದರೋ ನಿನ್ನೆ ಮೊನ್ನೆಯದು. ಇಂದು ಸೇಲಮಿಗೋ ಬೆಂಗಳೂರಿಗೋ ಮದರಾಸಿಗೋ ಹೋದವರು ಬೆಳಗಿನ ಹತ್ತು ಗಂಟೆಗೆ ಒಂದು ಉಪಾಹಾರ ಮಂದಿರವನ್ನು ಹೊಕ್ಕು ದೋಸೆ ತಿಂದು, ರಾತ್ರಿಗೆ ಮತ್ತೊಂದು ಭೋಜನಾಲಯವನ್ನು ಹುಡುಕಿ ಉಂಡು, ಅಲ್ಲಿಯ ಚಟ್ನಿ ಲೇಸೋ ಇಲ್ಲಿಯ ಸಾಂಬಾರು ಲೇಸೋ ಎಂದು ಹೋಲಿಸುತ್ತ ಊರಿಗೆ ಮರಳುವುದುಂಟು. ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣುವುದಿಲ್ಲ. ಆದರೆ ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಹೋಗಿ ನೋಡಿದರೆ ಇದು ವಿಚಿತ್ರವಾದ ನಡತೆಯೆಂದೇ ತೋರುವುದು. ಮನೆಯಲ್ಲಿ ಅನ್ನವಿರುವಾಗ ಹಣ ತೆತ್ತು ಹೊರಗೆ ಉಣ್ಣುವುದೇಕೆ? ಅಡುಗೆ ಮಾಡಿದವನು ಯಾರು? ಪಕ್ಕದಲ್ಲಿ ಕುಳಿತವನು ಯಾರು? ಈ ಕೊನೆಯ ಎರಡು ಪ್ರಶ್ನೆಗಳೇ ನಮ್ಮ ಹೋಟೆಲುಗಳ ಚರಿತ್ರೆಯ ತಿರುಳು. ರುಚಿಯ ಮಾತು ಅವುಗಳ ಬಳಿಕ ಬರತಕ್ಕದ್ದು.

ಹಿಂದಿನ ಕಾಲದಲ್ಲಿ ದಾರಿಹೋಕರಿಗೆ ಆಹಾರವಿರಲಿಲ್ಲವೆಂದು ತಿಳಿಯಬಾರದು. ಅರಸರೂ ವರ್ತಕರೂ ಕಟ್ಟಿಸಿದ ಛತ್ರಗಳಿದ್ದುವು, ಬೇಸಗೆಯಲ್ಲಿ ನೀರುಮಜ್ಜಿಗೆಯ ಅರವಟ್ಟಿಗೆಗಳಿದ್ದುವು, ಮಠಮಂದಿರಗಳಲ್ಲಿ ಅನ್ನಸಂತರ್ಪಣೆಯಿತ್ತು. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಧರ್ಮದ ಅಂಗವಾಗಿಯೇ ಎಣಿಸಿದರು. ಅನ್ನವನ್ನು ನೀಡುವುದು ಪುಣ್ಯ, ಮಾರುವುದು ಹೀನ ಎಂಬ ಭಾವನೆ ಬಲವಾಗಿದ್ದುದರಿಂದ ಬೇಯಿಸಿದ ಅನ್ನಕ್ಕೆ ಬೆಲೆ ಕಟ್ಟುವ ವ್ಯಾಪಾರ ಗೌರವದ್ದೆನಿಸಲಿಲ್ಲ. ಆದರೆ ಈ ಔದಾರ್ಯಕ್ಕೂ ಒಂದು ಗೆರೆಯಿತ್ತು. ಬಹುತೇಕ ಛತ್ರಗಳಲ್ಲಿ ಪಂಕ್ತಿ ಬೇರೆ ಬೇರೆಯಾಗಿರುತ್ತಿತ್ತು. ಒಂದು ವರ್ಗಕ್ಕೆ ಒಳಗಿನ ಜಗಲಿ, ಇನ್ನೊಂದಕ್ಕೆ ಹೊರಗಿನ ಅಂಗಳ, ಮತ್ತೊಂದಕ್ಕೆ ಅಂಗಳದ ಆಚೆಯ ಬಯಲು. ಉಣ್ಣುವವನ ಹಸಿವಿಗಿಂತ ಅವನ ಹುಟ್ಟು ಮೊದಲು ವಿಚಾರಣೆಗೆ ಬರುತ್ತಿತ್ತು.

ಹಣ ಕೊಟ್ಟವನಿಗೆ ಬೇಕಾದುದನ್ನು ಬೇಕಾದ ಹೊತ್ತಿನಲ್ಲಿ ಬಡಿಸುವ ಏರ್ಪಾಡು ಪಾಶ್ಚಾತ್ಯ ದೇಶಗಳಲ್ಲಿಯೂ ಬಹಳ ಪುರಾತನವಾದುದಲ್ಲ. 1760ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಕೆಲವರು ಬಳಲಿದವರಿಗೆ ಚೈತನ್ಯ ಕೊಡುವ ಮಾಂಸದ ಸಾರನ್ನು ಮಾರತೊಡಗಿದರು. ಚೈತನ್ಯ ನೀಡತಕ್ಕದ್ದು ಎಂಬರ್ಥದ ಫ್ರೆಂಚ್ ಶಬ್ದವೇ ಮೊದಲು ಆ ಸಾರಿನ ಹೆಸರಾಗಿ, ತರುವಾಯ ಅದನ್ನು ಮಾರುವ ಮನೆಯ ಹೆಸರಾಗಿ, ಇಂದಿನ ‘ರೆಸ್ಟೋರೆಂಟ್’ ಆಯಿತು. ಬೇರೆ ಬೇರೆ ಮೇಜು, ತಿಂಡಿಗಳ ಪಟ್ಟಿ, ಪಟ್ಟಿಯ ಪಕ್ಕದಲ್ಲಿ ಬೆಲೆ ಇವು ಅದರ ಲಕ್ಷಣಗಳು. ಬೆಲೆಯನ್ನು ಬರೆದು ತೂಗುಹಾಕಿದ ಮೇಲೆ, ಅದನ್ನು ಕೊಡಬಲ್ಲ ಯಾರನ್ನಾದರೂ ಹೊರಗೆ ನಿಲ್ಲಿಸಲು ಬೇರೊಂದು ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಇದನ್ನು ಓದುಗರು ನೆನಪಿನಲ್ಲಿಡಬೇಕು.

ನಮ್ಮ ಸೀಮೆಗೆ ಈ ಬದಲಾವಣೆಯನ್ನು ತಂದದ್ದು ಮುಖ್ಯವಾಗಿ ರೈಲು. ಒಂದು ಕಾಲಕ್ಕೆ ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿದ್ದು, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಇಂಗ್ಲಿಷರ ವಶವಾದ ಬಾರಾಮಹಲ್ ಪ್ರಾಂತವೇ ಇಂದಿನ ಧರ್ಮಪುರಿ, ಕೃಷ್ಣಗಿರಿಗಳ ಸೀಮೆ. 1860ರ ದಶಕದ ಆರಂಭದಲ್ಲಿ ಮದರಾಸಿನಿಂದ ಜೋಲಾರಪೇಟೆಯ ಮೂಲಕ ಸೇಲಮಿನ ಕಡೆಗೆ ಹಳಿಗಳು ಬಂದಾಗ ಮೊರಪ್ಪೂರು ಆ ದಾರಿಯ ನಿಲ್ದಾಣವಾಯಿತು. 1906ರಲ್ಲಿ ಇಲ್ಲಿಂದ ಧರ್ಮಪುರಿಗೆ ಎರಡೂವರೆ ಅಡಿ ಅಗಲದ ಚಿಕ್ಕ ರೈಲುಮಾರ್ಗವೊಂದು ತೆರೆಯಿತು. 1913ರಲ್ಲಿ ಅದು ಹೊಸೂರಿನವರೆಗೂ ಬೆಳೆಯಿತು. ದೊಡ್ಡ ಗಾಡಿಯಿಂದಿಳಿದು ಚಿಕ್ಕ ಗಾಡಿಯನ್ನೇರುವವರಿಗೆ ಮೊರಪ್ಪೂರೇ ಸಂಧಿಸ್ಥಳ. ಬುತ್ತಿಯ ಗಂಟು ಬರಿದಾದ ಪ್ರಯಾಣಿಕನಿಗೆ ಛತ್ರದ ಪಂಕ್ತಿ ಏಳುವವರೆಗೆ ಕಾಯಲು ಪುರುಸೊತ್ತಿಲ್ಲ; ಗಾಡಿಯ ಸಿಳ್ಳು ಯಾರ ಮಡಿಯನ್ನೂ ಕೇಳುವುದಿಲ್ಲ. ಹೀಗೆ ಕಾಸು ಕೊಟ್ಟು ಕಾಫಿ ಕುಡಿಯುವ, ಗುರುತಿಲ್ಲದವನು ಮಾಡಿದ ಅಡುಗೆಯನ್ನು ಉಣ್ಣುವ ಅಭ್ಯಾಸವು ದಕ್ಷಿಣದ ರೈಲುಮಾರ್ಗಗಳ ಉದ್ದಕ್ಕೂ ಬೆಳೆಯಿತು.

ಅಭ್ಯಾಸವನ್ನು ರೈಲು ತಂದಿತಾದರೆ, ಅಡುಗೆಯ ಕೌಶಲವನ್ನು ತಂದವರಲ್ಲಿ ಕನ್ನಡ ಕರಾವಳಿಯವರು ಅಗ್ರಗಣ್ಯರು. ಉಡುಪಿಯ ಶ್ರೀಕೃಷ್ಣಮಠ ಹಾಗೂ ಅಷ್ಟಮಠಗಳಲ್ಲಿ ದಿನದಿನವೂ ನೂರಾರು, ಪರ್ಯಾಯದ ಸಮಯದಲ್ಲಿ ಸಾವಿರಾರು ಜನರಿಗೆ ಅಡುಗೆಮಾಡಿ ಪಳಗಿದವರು ಅಲ್ಲಿದ್ದರು. ಹೊಲ ಚಿಕ್ಕದು, ಕುಟುಂಬ ದೊಡ್ಡದು, ಮಳೆಯ ಹಾವಳಿ ಬೇರೆ. 1923ರಲ್ಲಿ ಬಂದ ಮಹಾಪ್ರವಾಹ ಅನೇಕರ ಬಾಳನ್ನು ಕಂಗೆಡಿಸಿತು. ಕೈಯಲ್ಲಿ ಸೌಟು ಹಿಡಿಯಬಲ್ಲವನು ಘಟ್ಟ ಹತ್ತಿದನು, ಇಲ್ಲವೇ ಹಡಗು ಹತ್ತಿ ಮುಂಬಯಿಗೆ ಹೋದನು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಓದಿದವರಿಗೆ ಆ ಕಾಲದ ಕರಾವಳಿಯ ಕಷ್ಟವೂ ಹಳ್ಳಿಯಿಂದ ಪಟ್ಟಣಕ್ಕೆ ಸಾಗಿದ ವಲಸೆಯೂ ಪರಿಚಿತ.

ಮಠದ ಅಡುಗೆಮನೆಯಲ್ಲಿ ದುಡಿದು ಮದರಾಸಿಗೆ ಬಂದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ತೆರೆದರು. 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಎಂಬ ಹಳೆಯ ಬಂಗಲೆಯನ್ನು ಬಾಡಿಗೆಗೆ ಹಿಡಿದು ಅದೇ ಹೆಸರಿನ ಹೋಟೆಲನ್ನು ಸ್ಥಾಪಿಸಿದರು. ಕಾರಿನಲ್ಲಿ ಕುಳಿತೇ ತಿಂಡಿ ತಿನ್ನಬಹುದಾಗಿದ್ದ ಅದರ ಶಾಖೆ ಮದರಾಸಿನ ಕೆಥೀಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ನಡೆಯಿತು. ಬೆಂಗಳೂರಿನಲ್ಲಿ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಚಿಕ್ಕ ಉಪಾಹಾರಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಪ್ರಖ್ಯಾತವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವೊದಗಿದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರು. ಬರಗಾಲದ ಉಪಾಯವು ಸುಭಿಕ್ಷದ ತಿಂಡಿಯಾಗಿ ಉಳಿಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ, ಅಲ್ಲಿಯ ಭೋಜನಾಲಯಗಳ ಶುಚಿತ್ವವನ್ನು ಕಣ್ಣಾರೆ ಕಂಡು, ಲೋಟ ತಟ್ಟೆಗಳನ್ನು ಕುದಿಯುವ ನೀರಿನಲ್ಲಿ ತೊಳೆಯುವ ಕಟ್ಟುನಿಟ್ಟನ್ನು ತಮ್ಮಲ್ಲಿ ತಂದರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ತಿಂಡಿಗಳ ಬೆಲೆಯನ್ನು ಇಳಿಸಿದಾಗ, ಗುಣವನ್ನು ಕೆಡಿಸಲೊಪ್ಪದೆ ನಷ್ಟದಲ್ಲಿ ಮಾರಿ, ಕಡೆಗೆ ಬಾಗಿಲನ್ನೇ ಮುಚ್ಚಿ, ಸಿದ್ಧ ಹಿಟ್ಟುಗಳ ಮಾರಾಟಕ್ಕೆ ತೊಡಗಿದ್ದೂ ಇದೇ ಮನೆಯೇ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರ ಸುಮಾರಿಗೆ ಹತ್ತಿರದ ಶಾಲೆಗಳ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡೇ ಹುಟ್ಟಿ ಆ ಹೆಸರನ್ನು ಪಡೆಯಿತು. ಮಾಂಸಾಹಾರಿಗಳಿಗಾಗಿ ಮಿಲಿಟರಿ ಹೋಟೆಲುಗಳು ಬೇರೆಯಾಗಿ ಬೆಳೆದುವು.

ಈಗ ಆ ಹಳೆಯ ಪ್ರಶ್ನೆಗೆ ಬರೋಣ. ಪಂಕ್ತಿಯ ಕಟ್ಟು ಹೋಟೆಲಿನಲ್ಲಿ ಸಡಿಲಿತೇ? ಒಮ್ಮೆಗೇ ಸಡಿಲಲಿಲ್ಲ. ಬ್ರಾಹ್ಮಣನ ಕೈಯಡುಗೆಯನ್ನು ಬಹುಮಟ್ಟಿಗೆ ಎಲ್ಲರೂ ಉಣ್ಣುತ್ತಿದ್ದರಾದ್ದರಿಂದ ಹೋಟೆಲಿನ ಫಲಕದ ಮೇಲೆ ಆ ಜಾತಿಯ ಹೆಸರನ್ನು ಬರೆಯುವುದು ವ್ಯಾಪಾರಕ್ಕೆ ಅನುಕೂಲವಾಗಿತ್ತು. ಆ ಫಲಕ ಗಿರಾಕಿಗಳನ್ನು ಕರೆಯಿತು. ಒಳಗೆ ಬಂದವರನ್ನು ವಿಂಗಡಿಸಿತು. ಒಳಕೋಣೆ ಒಬ್ಬರಿಗೆ, ಹೊರಕೋಣೆ ಮತ್ತೊಬ್ಬರಿಗೆ. ಅಸ್ಪೃಶ್ಯರೆನಿಸಿದವರಿಗೆ ಬಾಗಿಲಿನ ಹೊರಗೆ ನಿಂತು ಕುಡಿಯುವ ಬೇರೆಯ ಲೋಟ. ರೈಲುನಿಲ್ದಾಣಗಳ ಉಪಾಹಾರಗೃಹಗಳಲ್ಲಿಯೂ ‘ಬ್ರಾಹ್ಮಣರಿಗೆ’, ‘ಇತರರಿಗೆ’ ಎಂಬ ಎರಡು ಫಲಕಗಳು ನೇತಾಡುತ್ತಿದ್ದುವು. ಎಲ್ಲರಿಂದಲೂ ಒಂದೇ ಟಿಕೀಟಿನ ಹಣ ಪಡೆದ ರೈಲು, ಊಟದ ಹೊತ್ತಿಗೆ ಅವರನ್ನು ಎರಡಾಗಿ ಸೀಳುತ್ತಿತ್ತು. ಪೆರಿಯಾರ್ ಇ. ವೆ. ರಾಮಸ್ವಾಮಿಯವರು ನಡೆಸಿದ ಚಳವಳಿಯ ಫಲವಾಗಿ 1941ರಲ್ಲಿ ಈ ಭೇದ ರದ್ದಾಯಿತು. ಯುದ್ಧದ ಅದೇ ವರುಷದಲ್ಲಿ ಮೊರಪ್ಪೂರು–ಧರ್ಮಪುರಿಯ ಚಿಕ್ಕ ರೈಲೂ ನಿಂತುಹೋಯಿತು. ನಮ್ಮ ನಿಲ್ದಾಣದ ಪಾಲಿಗೆ ಆ ಒಂದು ವರ್ಷದಲ್ಲಿ ಕಳೆದುಕೊಂಡದ್ದೂ ಉಂಟು, ಪಡೆದದ್ದೂ ಉಂಟು.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ ಮತ್ತು ಹೋಟೆಲುಗಳನ್ನು ಹೆಸರಿಸಿಯೇ, ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳ ಮುಂತಾದ ಕಾರಣಗಳಿಂದ ಯಾವ ಪ್ರಜೆಗೂ ಅಲ್ಲಿ ಪ್ರವೇಶವನ್ನು ತಡೆಯಕೂಡದೆಂದು ವಿಧಿಸಿತು. ಒಂದು ದೇಶದ ಮೂಲಶಾಸನದಲ್ಲಿ ಹೋಟೆಲಿನ ಬಾಗಿಲಿಗೆ ಸ್ಥಾನ ದೊರೆತುದು, ಆ ಬಾಗಿಲು ಎಷ್ಟು ಮಂದಿಯ ಮುಂದೆ ಮುಚ್ಚಿತ್ತೆಂಬುದಕ್ಕೆ ಸಾಕ್ಷಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಅಂಥ ತಡೆಯನ್ನು ದಂಡನಾರ್ಹವಾಗಿ ಮಾಡಿತು. ಆದರೂ ಫಲಕಗಳು ಉಳಿದಿದ್ದುವು. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯ ಮುರಳಿ ಕೆಫೆಯ ಮುಂದೆ, ಹೆಸರಿನಲ್ಲಿದ್ದ ಜಾತಿಸೂಚಕ ಶಬ್ದವನ್ನು ಅಳಿಸಬೇಕೆಂದು ತಿಂಗಳುಗಟ್ಟಲೆ ಚಳವಳಿ ನಡೆದು, ಕೊನೆಗೆ ಆ ಶಬ್ದ ಹೋಯಿತು. ಸಮುದ್ರದಾಚೆಯೂ ಇದೇ ಕಥೆ. ಅಮೆರಿಕದ ಗ್ರೀನ್ಸ್‌ಬರೋ ಎಂಬ ಊರಿನಲ್ಲಿ 1960ರ ಫೆಬ್ರುವರಿ 1ರಂದು ನಾಲ್ವರು ನೀಗ್ರೋ ವಿದ್ಯಾರ್ಥಿಗಳು ದೊಡ್ಡ ಅಂಗಡಿಯೊಂದರಲ್ಲಿ ಸಾಮಾನು ಕೊಂಡು, ಅಲ್ಲಿಯೇ ಇದ್ದ ಉಪಾಹಾರದ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಸಾಮಾನು ಕೊಳ್ಳಲು ಅಡ್ಡಿಯಿಲ್ಲ, ಕುಳಿತು ಕಾಫಿ ಕುಡಿಯಲು ಅಡ್ಡಿ! ಕೊಡದಿದ್ದರೂ ಅವರು ಏಳಲಿಲ್ಲ. ಮರುದಿನ ಇನ್ನಷ್ಟು ವಿದ್ಯಾರ್ಥಿಗಳು ಬಂದರು. ಆ ವರ್ಷದ ಜುಲೈಯಲ್ಲಿ ಕಟ್ಟೆ ಎಲ್ಲರಿಗೂ ತೆರೆಯಿತು; 1964ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದಿತು.

ಈ ಚರಿತ್ರೆಯಲ್ಲಿ ಇನ್ನೊಂದು ಅಧ್ಯಾಯವುಂಟು. ಅದು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಹೆಚ್ಚು ಸಮೀಪವಾದುದು. ಗಿರಾಕಿ ಕುಳಿತ ಮೇಜನ್ನು ಒರೆಸಿದವರು ಯಾರು? ಬಹುಕಾಲದವರೆಗೆ ಅವರು ಶಾಲೆ ಬಿಟ್ಟ ಹುಡುಗರು; ಲೋಟ ತೊಳೆಯುವವನಾಗಿ ಸೇರಿ, ಮೇಜು ಒರೆಸುವವನಾಗಿ, ಆಮೇಲೆ ಬಡಿಸುವ ಮಾಣಿಯಾಗಿ ಬೆಳೆದವರು. ಹಲವರು ಮುಂದೆ ತಾವೇ ಹೋಟೆಲು ತೆರೆದರೆಂಬುದು ನಿಜ. ಹೆಚ್ಚಿನವರ ಬಾಲ್ಯ ತೊಟ್ಟಿಯ ಬಳಿಯಲ್ಲೇ ಕಳೆಯಿತೆಂಬುದೂ ನಿಜ. ಮುಂಬಯಿಯ ಕನ್ನಡಿಗರು ಇದನ್ನು ಕಂಡು ಸುಮ್ಮನಿರಲಿಲ್ಲ. ಹಗಲೆಲ್ಲ ದುಡಿಯುವ ಹುಡುಗರಿಗಾಗಿ ಅವರ ಸಂಘಗಳು ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದುವು. ಮೊಗವೀರ ಸಮಾಜದವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಈ ಕೆಲಸಕ್ಕೆ ಕೈಹಾಕಿದ್ದರು. ಕೊನೆಯ ಗಿರಾಕಿ ಎದ್ದ ಮೇಲೆ ಎಣ್ಣೆಗಮಟಿನ ಅಂಗಿಯಲ್ಲಿಯೇ ಪಾಠಕ್ಕೆ ಓಡಿದ ಹುಡುಗರಿಂದ ಆ ಶಾಲೆಗಳು ತುಂಬಿದುವು. ಪರನಾಡಿನಲ್ಲಿ ಕನ್ನಡ ಶಾಲೆ ಹೇಗೆ ಉಳಿಯುವುದೆಂದು ಚಿಂತಿಸುವ ನಮ್ಮಂಥವರು ಈ ಸಂಗತಿಯನ್ನು ಮರೆಯಲಾಗದು. 14 ವರ್ಷಕ್ಕೆ ಕೆಳಗಿನವರನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಕೃಷ್ಣ ವಿಲಾಸದ ಕಾಲದಿಂದ ಅಲ್ಲಿಯವರೆಗೆ ಎಣಿಸಿದರೆ ಸುಮಾರು ಎಂಟು ದಶಕಗಳು!

ದುಡಿಯುವವನೇ ಒಡೆಯನಾಗಬಹುದೆಂಬುದಕ್ಕೂ ನಿದರ್ಶನವಿದೆ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಎ. ಕೆ. ಗೋಪಾಲನ್ ಮೊದಲಾದವರ ಪ್ರೋತ್ಸಾಹದಿಂದ ಕೆಲಸಗಾರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. 1980ರ ದಶಕದಲ್ಲಿ ಅದೇ ನಗರದಲ್ಲಿ ನಿಂತು ತಿನ್ನುವ ‘ದರ್ಶಿನಿ’ಗಳು ಬಂದುವು. ಅಲ್ಲಿ ಜಗಲಿಯಿಲ್ಲ, ಒಳಕೋಣೆಯಿಲ್ಲ. ಚೀಟಿ ಕೊಟ್ಟವನಿಗೆ ತಟ್ಟೆ. ಅಧಿಕಾರಿಯೂ ಮೂಟೆ ಹೊರುವವನೂ ಒಂದೇ ಕಟ್ಟೆಯ ಮೇಲೆ ತಟ್ಟೆಯಿಟ್ಟು ತಿನ್ನುವರು. ಪಂಕ್ತಿಭೇದವನ್ನು ಉಪದೇಶವು ಅಲುಗಿಸಲಾರದೆ ಹೋದಲ್ಲಿ ಅವಸರವು ಸ್ವಲ್ಪ ಅಲುಗಿಸಿತೆನ್ನಬಹುದು.

ಹಾಗೆಂದು ಎಲ್ಲವೂ ಮುಗಿಯಿತೆಂದು ಭ್ರಮಿಸಬೇಕಾಗಿಲ್ಲ. ನಗರದ ಮೇಜಿನ ಮೇಲೆ ಅಳಿದ ಗೆರೆ ಹಳ್ಳಿಯ ಚಹದಂಗಡಿಯಲ್ಲಿ ಎರಡು ಬಗೆಯ ಲೋಟಗಳ ರೂಪದಲ್ಲಿ ಉಳಿದಿರುವ ಸಂಗತಿ ತಮಿಳುನಾಡಿನಿಂದಲೂ ಕರ್ನಾಟಕದಿಂದಲೂ ಈಚಿನವರೆಗೆ ವರದಿಯಾಗುತ್ತಲೇ ಇದೆ. ‘ಕುಟುಂಬದವರಿಗೆ’ ಎಂಬ ಪರದೆಯ ಕೋಣೆ, ಒಂಟಿಯಾಗಿ ಬಂದ ಹೆಂಗಸು ಹೋಟೆಲಿನಲ್ಲಿ ಕೂರುವುದು ಒಂದು ಕಾಲಕ್ಕೆ ಎಷ್ಟು ಅಪರೂಪವಾಗಿತ್ತೆಂಬುದನ್ನು ಹೇಳುತ್ತದೆ. ಕಾನೂನು ಬಾಗಿಲನ್ನು ತೆರೆಸಬಲ್ಲುದು. ಪಕ್ಕದಲ್ಲಿ ಕುಳಿತವನಿಗೆ ಸರಿದು ಎಡೆಕೊಡುವ ಮನಸ್ಸನ್ನು ಮನೆಯೂ ಶಾಲೆಯೂ ಬೆಳೆಸಬೇಕು. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮಕ್ಕಳು ಸಾಲಾಗಿ ಕೂರುವಾಗ ಉಪಾಧ್ಯಾಯರು ಆ ಸಾಲನ್ನು ಒಮ್ಮೆ ಗಮನಿಸಿ ನೋಡುವುದು ಒಳ್ಳೆಯದು. ಅದೂ ಒಂದು ಪಂಕ್ತಿಯೇ.

ವಿದ್ಯಾರ್ಥಿಗಳೇ, ನೀವೂ ನಗರಕ್ಕೆ ಹೋಗುವಿರಿ. ಹೊಸ ಹೊಸ ಹೋಟೆಲುಗಳನ್ನು ಹೊಕ್ಕು ರುಚಿ ನೋಡುವಿರಿ. ಅದು ತಪ್ಪಲ್ಲ, ನಾಲಗೆಗೂ ಒಂದು ವಿದ್ಯೆಯುಂಟು. ಆದರೆ ದೋಸೆಯ ಗರಿಯನ್ನೂ ಕಾಫಿಯ ಹದವನ್ನೂ ಪರೀಕ್ಷಿಸುವಾಗ ಇನ್ನೂ ಎರಡನ್ನು ನೋಡಿರಿ: ಎಲ್ಲರಿಗೂ ಒಂದೇ ಬಗೆಯ ಲೋಟವಿದೆಯೇ, ಮೇಜು ಒರೆಸುವ ಕೈ ನಿಮಗಿಂತ ಚಿಕ್ಕದಾಗಿದೆಯೇ ಎಂದು. ಈ ಎರಡರಲ್ಲಿ ತೇರ್ಗಡೆಯಾದ ಹೋಟೆಲಿನ ಚಟ್ನಿ ಸ್ವಲ್ಪ ಸಪ್ಪೆಯಾದರೂ ಸಹಿಸಬಹುದು.