ನಾರು, ಮಣ್ಣು, ಗಾರೆ: ವಿಜಯಪುರ ಸೀಮೆಯ ಗಿಲಾವಿನ ಆಯುಷ್ಯ

ವಿಜಯಪುರದ ಕಟ್ಟಡಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ಕಲ್ಲು, ಕಮಾನು, ಗುಮ್ಮಟಗಳನ್ನೇ ವರ್ಣಿಸಿರುವರು. 1916ರಲ್ಲಿ ಪ್ರಕಟವಾದ ಹೆನ್ರಿ ಕಸಿನ್ಸರ ಗ್ರಂಥವು ಈ ವಿಷಯದಲ್ಲಿ ಇಂದಿಗೂ ಆಧಾರಭೂತವಾದುದು. ಆದರೆ ಗೋಡೆಗೆ ಹೊದಿಸಿದ ಲೇಪವನ್ನೂ ಅದರೊಳಗೆ ಅಡಗಿರುವ ಸಸ್ಯದ ನಾರನ್ನೂ ಕುರಿತು ವಿಚಾರಿಸಿದವರು ವಿರಳ.

1656ರಲ್ಲಿ ಗತಿಸಿದ ಮುಹಮ್ಮದ್ ಆದಿಲಶಾಹನ ಗೋಲಗುಮ್ಮಟದ ಗೋಳವು ಇಟ್ಟಿಗೆಗಳನ್ನು ದಪ್ಪ ಗಾರೆಯಲ್ಲಿ ಹುದುಗಿಸಿ ಕಟ್ಟಿದುದು. ಅದರ ಒಳವ್ಯಾಸವು ಸುಮಾರು 124 ಅಡಿ. ಅಲ್ಲಿ ಭಾರವು ಬಹುಮಟ್ಟಿಗೆ ಗಾರೆಯನ್ನು ಒತ್ತುವುದು. ಒತ್ತಿದರೆ ಗಾರೆಯು ಸಹಿಸುವುದು, ಎಳೆದರೆ ಬಿರಿಯುವುದು. ಗೋಡೆಗೆ ಬಳಿದ ತೆಳುಮಣ್ಣಿನ ಗತಿಯೇ ಬೇರೆ. ಒಣಗುವಾಗ ಅದು ಕುಗ್ಗಲೆಳಸುವುದು, ಗೋಡೆಯು ಕುಗ್ಗಗೊಡದು. ಈ ಎಳೆದಾಟದಲ್ಲಿಯೇ ಬಿರುಕು ಹುಟ್ಟುವುದು. ತಿಕೋಟಾ, ಬಬಲೇಶ್ವರಗಳ ಕಡೆಯ ಹಳೆಯ ಮಣ್ಣಿನ ಮನೆಗಳಲ್ಲಿ ಹೊಟ್ಟು, ಹುಲ್ಲು, ಸೆಗಣಿಗಳನ್ನು ಕೂಡಿಸಿ ಕೊಳೆಹಾಕಿ ತುಳಿದ ಕೆಸರನ್ನು ಬಳಿಯುತ್ತಿದ್ದುದು ಈ ಎಳೆತವನ್ನು ನಾರಿಗೆ ಹಂಚುವುದಕ್ಕಾಗಿಯೇ. ಹೆಣೆದ ಬುಟ್ಟಿಗೆ ಸೆಗಣಿ ಮಣ್ಣು ಮೆತ್ತಿದ ಕಣಜವೂ ಇದೇ ತತ್ತ್ವದ್ದು.

ಶಬ್ದಗಳೂ ಸಾಕ್ಷಿ ನುಡಿಯುವುವು. ಗಿಲಾವು ಎಂಬುದು ಮಣ್ಣೆಂಬ ಅರ್ಥದ ಪಾರಸಿಯ 'ಗಿಲ್' ಶಬ್ದದಿಂದ ಬಂದುದು. ಗಚ್ಚು ಸಹ ಆ ಭಾಷೆಯದೇ. ನಾರು ಮಾತ್ರ ದ್ರಾವಿಡ. ಹೆಸರು ಹೊರಗಿನಿಂದ ಬಂದಿತೆಂದು ಕಸಬೂ ಹೊರಗಿನದೆಂದು ಊಹಿಸುವುದು ಸಾಧುವಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಎಮ್ಮೆಯ ಚರ್ಮವನ್ನು ಕುದಿಸಿದ ವಜ್ರಲೇಪವನ್ನು ಭಿತ್ತಿಚಿತ್ರಗಳಿಗಾಗಿ ಹೇಳುವುದು. ಆದಿಲಶಾಹಿಗಳಿಗಿಂತ ಮೂರೂವರೆ ಶತಮಾನ ಹಿಂದಿನ ಮಾತಿದು.

ಇನ್ನು ಕಾಲದ ಪರೀಕ್ಷೆ. ಸುಣ್ಣದ ಕ್ಷಾರವು ನಾರನ್ನು ಕ್ರಮೇಣ ತಿನ್ನುವುದು. ನಾರು ಗಡಸಾಗಿ ಮುರಿಯತಕ್ಕುದಾಗುವುದು. ಅಷ್ಟರಲ್ಲಿ ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗಿರುವುದು. ಎಂದರೆ, ನಾರಿನ ಮುಖ್ಯ ಸೇವೆ ಲೇಪದ ಬಾಲ್ಯದಲ್ಲಿ. ಮುಪ್ಪಿನಲ್ಲಿ ಅದು ನಶಿಸಿದರೂ ತನ್ನ ಅಚ್ಚನ್ನು ಪೊಳ್ಳಾಗಿ ಬಿಟ್ಟಿರಬಹುದು. ಮಣ್ಣಿನಲ್ಲಾದರೋ ಕ್ಷಾರದ ಬಾಧೆ ಅಲ್ಪ. ಗೆದ್ದಲು ಮತ್ತು ತೇವವೇ ವೈರಿಗಳು. ಮಳೆಗಾಲದಲ್ಲಿ ನಾರು ಉಬ್ಬುವುದು, ಬೇಸಗೆಯಲ್ಲಿ ಸೊರಗುವುದು. ಹೀಗೆ ಪದೇ ಪದೇ ಆಗಿ ಮಣ್ಣಿನ ಹಿಡಿತವು ಸಡಿಲುವುದು. ವರ್ಷ ವರ್ಷವೂ ಸಾರಿಸುವ ರೂಢಿಯನ್ನು ಕೇವಲ ಮಡಿಯೆಂದು ತಿಳಿದವರು ಈ ಕಾರಣವನ್ನು ಗಮನಿಸಬೇಕು.

ಎಲ್ಲೋರದ ಮಣ್ಣಿನ ಲೇಪದಲ್ಲಿ ಭಂಗಿಯ ಗಿಡದ ಅಂಶವಿರುವುದನ್ನು ರಾಜದೇವ ಸಿಂಗ್ ಮತ್ತು ಸರದೇಸಾಯಿ ಎಂಬವರು 2016ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ನಮ್ಮ ರಾಷ್ಟ್ರಕೂಟ ಕೃಷ್ಣನ ಕೈಲಾಸವಿರುವ ಎಲ್ಲೋರವೇ ಇದು. ಭಂಗಿಯಿಲ್ಲದ ಅಜಂತೆಯ ಲೇಪಕ್ಕೆ ಕೀಟಗಳ ಹಾವಳಿ ತಟ್ಟಿತೆಂದೂ, ಇದ್ದ ಎಲ್ಲೋರದಲ್ಲಿ ಲೇಪವು ಉಳಿಯಿತೆಂದೂ ಅವರ ಮತ. ಅಜಂತೆಯು ಹೊಳೆಯ ಕಮರಿಯಲ್ಲಿರುವುದು. ತೇವದ ಭೇದವನ್ನು ಬಿಟ್ಟು ಎಲ್ಲವನ್ನೂ ಗಿಡಕ್ಕೇ ಆರೋಪಿಸುವುದು ನಮಗೆ ಅತಿಯೆಂದು ತೋರುವುದು. ಆದರೂ ಪರೀಕ್ಷೆಯ ಮಾರ್ಗವು ಅನುಕರಣೀಯವಾದುದು.

ವಿಜಯಪುರದ ಅಸಾರ್ ಮಹಲಿನಲ್ಲಿಯೂ ಕುಮಟಗಿಯ ಜಲಮಂಟಪಗಳಲ್ಲಿಯೂ ಆದಿಲಶಾಹಿ ಕಾಲದ ಭಿತ್ತಿಚಿತ್ರಗಳು ಜೀರ್ಣವಾಗಿ ಉಳಿದಿರುವುವು. ಅವುಗಳ ಅಂಚಿನಿಂದ ಉದುರಿದ ಚಿಟಿಕೆ ಗಾರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ನಾರಿನ ಜಾತಿಯನ್ನು, ನಾರು ಅಳಿದಿದ್ದರೆ ಅದರ ಅಚ್ಚನ್ನು, ಅರಿಯಬಹುದು. ಹಳ್ಳಿಯ ಹಳೆಯ ಗೋಡೆಗಳಿಗೋ ಈಗ ಸಿಮೆಂಟು ಬಳಿಯುವರು. ಅದು ಒಳಗಿನ ತೇವವನ್ನು ಹೊರಗೆ ಬಿಡದು, ಹಿಂದಿನ ಮಣ್ಣು ನೆನೆದು ಕಳಚುವುದು. ಕೆಡಹುವ ಮುನ್ನ ಪ್ರತಿ ಊರಿನ ಒಂದೆರಡು ಗೋಡೆಗಳಿಂದ ಅಂಗೈಯಗಲದ ತುಣುಕನ್ನು ತೆಗೆದು, ಸ್ಥಳವನ್ನು ಬರೆದಿಟ್ಟು, ವಿಜಯಪುರದ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವುದು ಆ ಕಡೆಯ ಉಪಾಧ್ಯಾಯರಿಗೆ ಅಸಾಧ್ಯವೇನಲ್ಲ.