ಊದುಗೊಳವೆಯಿಂದ ಎರರ್ ಕೋಡಿನವರೆಗೆ

ಕಳೆದ ಮಳೆಗಾಲದಲ್ಲಿ ಮಾಜಿವಾಡಾದ ನಮ್ಮ ಮನೆಯ ಇಂಡಕ್ಷನ್ ಒಲೆ ಮುಷ್ಕರ ಹೂಡಿತು. ಹಚ್ಚಿ ಹತ್ತು ನಿಮಿಷವಾಗುತ್ತಲೇ ಕೀಂ ಎಂದು ಕೂಗಿ, ಒಂದು ಎರರ್ ಕೋಡ್ ತೋರಿಸಿ ನಿಂತುಹೋಗುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್, "ಬೋರ್ಡ್ ಹೋಗಿದೆ, ಬದಲಿಸಬೇಕು" ಎಂದರು. ಆ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸ ಒಲೆಯೇ ಬರುತ್ತಿತ್ತು. ಎಂ.ಟೆಕ್. ಓದಿ, ದಿನವಿಡೀ ಸಾಫ್ಟ್‌ವೇರ್ ದೋಷ ಹುಡುಕುವ ನಾನೂ ತಲೆಯಾಡಿಸಿದೆ.

ಆಗ ಉಡುಪಿ ಕಡೆಯ ನಮ್ಮ ಅತ್ತೆ ಕೇಳಿದರು: "ಅಲ್ಲ ಮಾರಾಯ್ತಿ, ಹಾಲು ಕಾಯಿಸುವಾಗ ಇದು ಕೆಡುವುದಿಲ್ಲ, ಕಡಲೆ ಬೇಯಿಸುವಾಗ ಮಾತ್ರ ಯಾಕೆ? ಮೊದಲು ಒಳಗೆ ಗುಂಯ್ ಅಂತ ಶಬ್ದ ಬರುತ್ತಿತ್ತು. ಈಗ ಅದೂ ಇಲ್ಲ."

ಒಲೆಯ ಕಾಯಿಲೆ ಕಂಡುಹಿಡಿಯುವ ವಿದ್ಯೆ ನಮ್ಮ ಹೆಂಗಸರಿಗೆ ಹೊಸತಲ್ಲ. ಹೊಗೆ ಹೆಚ್ಚಿದರೆ ಸೌದೆ ಹಸಿ, ಉರಿ ಏಳದಿದ್ದರೆ ಗಾಳಿ ಸಾಲದು. ಊದುಗೊಳವೆ ಕೈಗೆ ಬರುತ್ತಿತ್ತು. ಈ ಅಡುಗೆಮನೆಯ ಹೊಗೆ ವಿಜ್ಞಾನಿಗಳ ಗಮನಕ್ಕೂ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಚಿಮಣಿಯಲ್ಲಿ ಹೊರಹಾಕುವ 'ಅಸ್ತ್ರ ಒಲೆ' ಹಳ್ಳಿಗಳಿಗೆ ಹೋಯಿತು.

ನಗರದಲ್ಲಿ ದಾರಿ ಬೇರೆಯಾಗಿತ್ತು. ಮುಂಬಯಿಯಲ್ಲಿ 1955ರಲ್ಲೇ ಬರ್ಮಾ ಶೆಲ್ ಕಂಪನಿ ಅಡುಗೆ ಅನಿಲ ತಂದಿತಾದರೂ, ಬಹಳ ಮನೆಗಳಲ್ಲಿ ಸೀಮೆಎಣ್ಣೆ ಸ್ಟೌವೇ ಉಳಿದಿತ್ತು. ಅತ್ತೆ ಮದುವೆಯಾಗಿ ಠಾಣೆಗೆ ಬಂದಾಗ ಪಂಪ್ ಸ್ಟೌವ್‌ನ ತೂತಿಗೆ ಪಿನ್ ಚುಚ್ಚಿ ಸರಿಮಾಡುವುದನ್ನು ಮೊದಲು ಕಲಿತರಂತೆ. ಗ್ಯಾಸ್ ಬಂದ ಮೇಲೆ ನೀಲಿ ಉರಿ ಹಳದಿಯಾದರೆ ಬರ್ನರ್ ತೊಳೆಯುವುದು. ಕಾಯಿಲೆ ಕಣ್ಣಿಗೆ ಕಾಣುತ್ತಿತ್ತು, ಮದ್ದೂ ಕೈಯಲ್ಲೇ ಇತ್ತು.

1971ರಲ್ಲಿ ಇಂಟೆಲ್ ಕಂಪನಿಯ 4004 ಎಂಬ ಮೈಕ್ರೊಪ್ರೊಸೆಸರ್ ಬಂತು. ಆ ದಶಕದಲ್ಲೇ ಅಮೆರಿಕದ ಮೈಕ್ರೊವೇವ್ ಒಲೆಗಳಿಗೆ ಇಂಥ ಚಿಪ್ಪುಗಳು ಸೇರಿದವು. ಇಂದು ನಮ್ಮ ಇಂಡಕ್ಷನ್ ಒಲೆಯಲ್ಲೂ ಅದೇ ವಂಶದ ಚಿಪ್ಪಿದೆ. ಗಾಜಿನ ಕೆಳಗಿನ ಥರ್ಮಿಸ್ಟರ್ ಪಾತ್ರೆಯ ಬಿಸಿ ತಿಳಿಸುತ್ತದೆ. ಇನ್ನೊಂದು, ಕಾಯಿಲ್‌ಗೆ ವಿದ್ಯುತ್ ಹಾಯಿಸುವ ಟ್ರಾನ್ಸಿಸ್ಟರಿನ ಬಿಸಿ ತಿಳಿಸುತ್ತದೆ. ಮಿತಿ ಮೀರಿದರೆ ಬೋರ್ಡ್ ಒಲೆಯನ್ನು ನಿಲ್ಲಿಸಿ ಕೋಡ್ ತೋರಿಸುತ್ತದೆ. ಆ ಕೋಡಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಹೀಗೆ ಕಾಯಿಲೆ ಹೇಳುವ ಮಾತು ಒಲೆಯ ಮುಂದೆ ನಿಂತವಳಿಂದ ಹೊರಗಿನವರ ಬಾಯಿಗೆ ಹೋಯಿತು.

ಅತ್ತೆಯ ಮಾತಿನ ಎಳೆ ಹಿಡಿದು ಯೋಚಿಸಿದೆ. ಹಾಲು ಬೇಗ ಕಾಯುತ್ತದೆ, ಕಡಲೆಗೆ ಹೊತ್ತು ಬೇಕು. ಗುಂಯ್ ಶಬ್ದ ಒಳಗಿನ ಫ್ಯಾನಿನದು. ಫ್ಯಾನ್ ನಿಂತರೆ ಟ್ರಾನ್ಸಿಸ್ಟರ್ ಕಾಯುತ್ತದೆ, ಬೋರ್ಡ್ ಒಲೆಯನ್ನು ನಿಲ್ಲಿಸುತ್ತದೆ. ಹತ್ತಿರದ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿದರೆ ಎಣ್ಣೆಜಿಡ್ಡು, ಧೂಳು ಕಟ್ಟಿ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಬೋರ್ಡ್ ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡುತ್ತಿತ್ತು. ಫ್ಯಾನ್ ಬದಲಾಯಿತು, ಒಲೆ ಇಂದಿಗೂ ನಡೆಯುತ್ತಿದೆ.

ಆದ್ದರಿಂದ ಬೋರ್ಡ್ ಬದಲಿಸಲು ಒಪ್ಪುವ ಮೊದಲು ಕೆಲವನ್ನು ಗಮನಿಸಿ, ಬರೆದಿಡಿ. ಪ್ಲಗ್, ಸಾಕೆಟ್ ಸಡಿಲವಾಗಿವೆಯೇ? ಬೇರೆ ಪಾತ್ರೆ ಇಟ್ಟರೂ ಹಾಗೆಯೇ ಆಗುತ್ತದೆಯೇ? ಹಚ್ಚಿದ ಎಷ್ಟು ನಿಮಿಷಕ್ಕೆ ನಿಲ್ಲುತ್ತದೆ? ಫ್ಯಾನಿನ ಸದ್ದಿದೆಯೇ? ಗುಂಡಿಗಳು ಮಳೆಗಾಲದಲ್ಲಿ ಮಾತ್ರ ಹಟ ಮಾಡಿದರೆ ತೇವ ಸೇರಿರಬಹುದು. ತೋರಿದ ಕೋಡನ್ನು ಕೈಪಿಡಿಯಲ್ಲಿ ನೋಡಿ.

ಆದರೆ ನೀವೇ ಬಿಚ್ಚಬೇಡಿ. ನಮ್ಮ ಮನೆಯ 230 ವೋಲ್ಟ್ ಒಲೆಯೊಳಗೆ 300 ವೋಲ್ಟ್ ದಾಟುತ್ತದೆ. ಮೈಕ್ರೊವೇವ್‌ನಲ್ಲಿ ಸಾವಿರಾರು ವೋಲ್ಟ್. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಬಿಚ್ಚುವುದು ಬಲ್ಲವರ ಕೆಲಸ, ಕಂಡದ್ದನ್ನು ಹೇಳುವುದು ನಮ್ಮದು.

ಮೊನ್ನೆ ಅತ್ತೆ ಮತ್ತೆ ಒಲೆಗೆ ಕಿವಿಗೊಟ್ಟು, "ಗುಂಯ್ ಅಂತಿದೆ, ಕಡಲೆ ಇಡು" ಎಂದರು.